ಬಾಡಿಗೆಯ ಚಪ್ಪರ

ಯುಗಾದಿ ಕಳೆದು ವೈಶಾಖ ಹತ್ತಿರ ಬಂತೆಂದರೆ ನಮ್ಮ ಊರುಗಳ ಬೀದಿಗಳ ಮೇಲೆ ಒಂದು ಹೊಸ ಆಕಾಶ ಏಳುತ್ತದೆ. ಕೆಂಪು, ಹಳದಿ, ನೀಲಿ ಪಟ್ಟೆಗಳ ಬಟ್ಟೆಯ ಆಕಾಶ. ಒಂದು ಮನೆಯ ಮುಂದೆ ಮದುವೆ, ಇನ್ನೊಂದರ ಮುಂದೆ ಉಪನಯನ, ಬೀದಿಯ ಕೊನೆಯಲ್ಲಿ ರಾಮೋತ್ಸವದ ಸಂಗೀತ, ಶಾಲೆಯ ಬಯಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರದ ಸಮಾರೋಪ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತ ಬಂದ ರಾಮನವಮಿಯ ಸಂಗೀತೋತ್ಸವವನ್ನು ಕೋಟೆ ಪ್ರೌಢಶಾಲೆಯ ಬಯಲಿನ ಚಪ್ಪರದ ಕೆಳಗೆ ಕುಳಿತು ಕೇಳಿದವರು ನಿಮ್ಮಲ್ಲಿ ಅನೇಕರಿರಬಹುದು. ಊರೂರಿಗೂ ಕಲ್ಯಾಣಮಂಟಪಗಳು ಬಂದವು; ಆದರೂ ಚಪ್ಪರ ಹೋಗಲಿಲ್ಲ. ಬೇಸಿಗೆಯ ಸಂಜೆ ನಾಲ್ಕು ಜನ ಸೇರುವುದಕ್ಕೆ ಗೋಡೆಯಿಲ್ಲದ ನೆರಳೇ ಹಿತವೆಂಬುದು ನಮ್ಮವರಿಗೆ ಗೊತ್ತು.

ಒಂದು ವಸ್ತುವಿನ ಮಾತೆತ್ತಿದರೆ ಮೊದಲು ಅದರ ಹೆಸರಿನ ಕಡೆಗೆ ಕಣ್ಣು ಹೋಗುವುದು ಕನ್ನಡ ಪಂಡಿತರ ಚಾಳಿ. ಆದಕಾರಣ ಎರಡು ನಿಮಿಷ ಹೆಸರಿನ ವಿಚಾರ. ಉತ್ತರ ಕರ್ನಾಟಕದವರು ಇದನ್ನು ಹಂದರ ಎನ್ನುತ್ತಾರೆ. ಇದು ಅಚ್ಚ ದ್ರಾವಿಡ ಪದ, ಹಳಗನ್ನಡದಲ್ಲಿ ಪಂದರ್. ಪಾಲು ಹಾಲಾದಂತೆ, ಪೂ ಹೂವಾದಂತೆ, ಪಂದರ್ ಹಂದರವಾಯಿತು. ತಮಿಳಿನಲ್ಲಿ ಅದರ ಒಡಹುಟ್ಟಿದ ಪದ ಪಂದಲ್. ಅದನ್ನು ಇಂಗ್ಲಿಷರು ಕೇಳಿ ತಮ್ಮ ನಾಲಗೆಗೆ ಹೊಂದಿಸಿಕೊಂಡರು. ಅವರ ನಾಲಗೆಯಿಂದ ಅದು ಪೆಂಡಾಲ್ ಆಗಿ ಮತ್ತೆ ನಮ್ಮ ಬಾಗಿಲಿಗೇ ಬಂತು. ಪರದೇಶಕ್ಕೆ ಹೋಗಿ ಸೂಟು ತೊಟ್ಟು ಬಂದ ಮನೆಯ ಮಗನನ್ನು ಗುರುತು ಹಿಡಿಯದೆ, ‘ಯಾರು ಬೇಕಾಗಿತ್ತು ಸ್ವಾಮಿ?’ ಎಂದು ಕೇಳಿದಂತಾಯಿತು ನಮ್ಮ ಪಾಡು. ಚಪ್ಪರವೆಂಬುದು ಉತ್ತರದ ಭಾಷೆಗಳ ಛಪ್ಪರದ ನಂಟ. ಶಾಮಿಯಾನ, ಕನಾತು ಎಂಬ ಎರಡು ಪದಗಳು ಪಾರಸಿಯ ದಾರಿಯಲ್ಲಿ ಬಂದವು. ಶಾಮಿಯಾನವೆಂದರೆ ತಲೆಯ ಮೇಲಿನ ಬಟ್ಟೆ, ನಮ್ಮ ಹಳೆಯ ಮಾತಿನಲ್ಲಿ ಮೇಲುಕಟ್ಟು. ಕನಾತೆಂದರೆ ಪಕ್ಕದಲ್ಲಿ ಇಳಿಬಿಟ್ಟ ಬಟ್ಟೆಯ ಗೋಡೆ. ಇವೆರಡನ್ನೂ ಬೇರೆಬೇರೆಯಾಗಿ ನೆನಪಿನಲ್ಲಿಡಿ. ಮುಂದೆ ಈ ಭೇದ ನಮಗೆ ಬೇಕಾಗುತ್ತದೆ.

ಹಿಂದೆ ಚಪ್ಪರವನ್ನು ಯಾರೂ ‘ತರಿಸುತ್ತಿರಲಿಲ್ಲ’, ‘ಹಾಕುತ್ತಿದ್ದರು’. ಮೈಸೂರು ಸೀಮೆಯಲ್ಲಿ ತೆಂಗಿನ ಗರಿ, ಹೊಂಗೆಯ ಸೊಪ್ಪು, ಮಾವಿನ ತೋರಣ. ಮಲೆನಾಡಿನಲ್ಲಿ ಅಡಕೆ ಮರದ ಕಂಬ, ಅಡಕೆಯ ಸೋಗೆ. ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು. ಹಾಲುಗಂಬ ನೆಡುವುದೇ ಒಂದು ಶಾಸ್ತ್ರ. ಅದಕ್ಕೆ ಹಾಲು ಸುರಿಯುವ ಮರದ ಕೊಂಬೆಯೇ ಆಗಬೇಕು, ಅತ್ತಿಯೋ ಆಲವೋ. ನೆರೆಹೊರೆಯವರು, ಸೋದರಮಾವಂದಿರು, ಭಾವಮೈದುನರು ಸೇರಿ ಗುಂಡಿ ತೋಡುವರು, ಗಳು ಕಟ್ಟುವರು, ಸೊಪ್ಪು ಹೊದಿಸುವರು. ಯಾವ ಗಂಟು ಸಡಿಲ, ಯಾವ ಗಳು ಹುಳುಕು ಎಂಬುದು ಕಟ್ಟಿದವರಿಗೆ ಗೊತ್ತಿರುತ್ತಿತ್ತು. ಕಟ್ಟಿದವರೇ ಮರುದಿನ ಅದರ ಕೆಳಗೆ ಎಲೆ ಹಾಕಿಕೊಂಡು ಕೂರುವವರು. ಅದಕ್ಕೆ ನಾಲ್ಕು ಕಡೆಯೂ ಗೋಡೆಯಿರಲಿಲ್ಲ. ಗೋಡೆಯಿಲ್ಲದ್ದರಿಂದ ಬಾಗಿಲೂ ಇರಲಿಲ್ಲ. ಯಾವ ಕಡೆಯಿಂದ ಬೇಕಾದರೂ ಬರಬಹುದಿತ್ತು, ಯಾವ ಕಡೆಗೆ ಬೇಕಾದರೂ ಹೋಗಬಹುದಿತ್ತು.

ಆ ಕಾಲವೇ ಚೆನ್ನಾಗಿತ್ತೆಂದು ಹೇಳುವುದಕ್ಕೆ ನಾನು ಬಂದಿಲ್ಲ. ಪಟ್ಟಣದಲ್ಲಿ ಸೊಪ್ಪು ಕಡಿಯುವುದಕ್ಕೆ ಮರವೆಲ್ಲಿ? ಗುಂಡಿ ತೋಡಲು ಮಣ್ಣೆಲ್ಲಿ? ಮೂರು ದಿನ ರಜೆ ಹಾಕಿ ಬರುವ ಭಾವಮೈದುನನೆಲ್ಲಿ? ಬಾಡಿಗೆಗೆ ತರುವುದೇ ಸರಿ. ಆದರೆ ಒಂದು ಮಾತು. ಈಗ ಕಟ್ಟುವವರು ಒಬ್ಬರು, ಅದರ ಕೆಳಗೆ ಕೂರುವವರು ಮತ್ತೊಬ್ಬರು. ನಡುವೆ ಇರುವುದು ಬಾಡಿಗೆಯ ಮಾತುಕತೆ ಮಾತ್ರ. ಹಿಂದೆ ಕೈಗೆ ಗೊತ್ತಿದ್ದುದನ್ನು ಈಗ ಬಾಯಿಂದ ಕೇಳಿ ತಿಳಿಯಬೇಕು. ಆ ಮಾತುಕತೆಯಲ್ಲಿ ನಾವು ಏನನ್ನು ಕೇಳುತ್ತೇವೆ?

ಶಾಮಿಯಾನದ ಅಂಗಡಿಯ ಮುಂದೆ ಒಂದು ಸಂಜೆ ನಿಂತು ನೋಡಿ. ‘ಎಷ್ಟಾಗುತ್ತಪ್ಪಾ?’ ಎಂದು ಗಿರಾಕಿ. ‘ನಿಮ್ಮ ಮನೆ ಕೆಲಸ, ನೀವೇ ನೋಡಿ ಕೊಡಿ ಸ್ವಾಮಿ’ ಎಂದು ಅಂಗಡಿಯವನು. ‘ಬಣ್ಣ ಮಾಸಿದ್ದು ಬೇಡ, ಹೊಸ ಬಟ್ಟೆ ಹಾಕಿಸು.’ ‘ಹೊಸದೇ ಸ್ವಾಮಿ.’ ‘ಹೆಬ್ಬಾಗಿಲಿಗೆ ಕಮಾನು?’ ‘ಹೂವಿನ ಕಮಾನೇ ಹಾಕೋಣ.’ ಅಲ್ಲಿಗೆ ಮಾತು ಮುಗಿಯಿತು. ಗಾಳಿಯ ಮಾತು ಬರಲಿಲ್ಲ, ಮಳೆಯ ಮಾತು ಬರಲಿಲ್ಲ, ಬೆಂಕಿಯ ಮಾತಂತೂ ಶುಭಕಾರ್ಯದಲ್ಲಿ ಎತ್ತಬಾರದು! ನಮ್ಮ ಶಾಲೆಯ ಬಯಲಿನಲ್ಲಿ ಚಪ್ಪರ ಏಳುತ್ತಿದ್ದಾಗ ನಾನೊಮ್ಮೆ ಮೇಸ್ತ್ರಿಯನ್ನು, ‘ಗಾಳಿ ಎದ್ದರೆ ಏನಪ್ಪಾ ಗತಿ?’ ಎಂದು ಕೇಳಿದೆ. ‘ಏನೂ ಆಗಲ್ಲ ಮೇಷ್ಟ್ರೇ, ದೇವರಿದ್ದಾನೆ’ ಎಂದ. ದೇವರಿದ್ದಾನೆ, ಸರಿ, ಗೂಟ ಎಷ್ಟಿವೆಯೆಂದು ಎಣಿಸಬೇಕಾದವರು ನಾವಲ್ಲವೆ?

ಗಾಳಿಯಿಂದಲೇ ಆರಂಭಿಸೋಣ. ನಮ್ಮ ಬೇಸಿಗೆ ಬರಿಯ ಬಿಸಿಲಿನ ಕಾಲವಲ್ಲ. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಒಂದರ ಹಿಂದೊಂದು ಸರದಿಯಲ್ಲಿ ನಿಂತಿವೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ರೈತ ಹಿಗ್ಗುತ್ತಾನೆ. ಭರಣಿಯ ದಿನಗಳಲ್ಲೇ ಮದುವೆಯ ಮುಹೂರ್ತಗಳೂ ದಟ್ಟ. ಈ ಮಳೆಯ ಸ್ವಭಾವ ನಿಮಗೆ ಗೊತ್ತು. ಮಧ್ಯಾಹ್ನವೆಲ್ಲ ಕಾದು, ಇಳಿಹೊತ್ತಿಗೆ ಮೋಡ ಕವಿದು, ಮೊದಲು ದೂಳಿನ ಗಾಳಿ, ಆಮೇಲೆ ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಆರತಕ್ಷತೆಗೆ ನೆಂಟರು ಬಂದು ಕೂರುವ ಹೊತ್ತೂ ಅದೇ.

ಗಾಳಿಗೆ ಚಪ್ಪರವೆಂದರೆ ಹಾಯಿ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 30 ಅಡಿ ಅಗಲ, 60 ಅಡಿ ಉದ್ದದ ಸಾಧಾರಣ ಶಾಮಿಯಾನವೊಂದನ್ನು ತೆಗೆದುಕೊಳ್ಳಿ. ಗಂಟೆಗೆ 25 ಕಿಲೋಮೀಟರಿನ ಗಾಳಿ ಅದನ್ನು ಪೂರ್ತಿಯಾಗಿ ಹಿಡಿದು ಎತ್ತಿದರೆ ಸುಮಾರು 500 ಕಿಲೋ ತೂಕದಷ್ಟು ಸೆಳೆತ. 50 ಕಿಲೋಮೀಟರಿನ ಗಾಳಿಯಾದರೆ ಸುಮಾರು 2 ಟನ್ನು. ಬೇಸಿಗೆಯ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿಗೆ ಗಂಟೆಗೆ 50 ಕಿಲೋಮೀಟರು ಏನೂ ದೊಡ್ಡದಲ್ಲ. 2 ಟನ್ನಿನ ಸೆಳೆತವನ್ನು ಹಿಡಿದಿಡಬೇಕಾದದ್ದು ಕಂಬಗಳಲ್ಲ, ಹಗ್ಗ ಮತ್ತು ಗೂಟ. ಬಯಲಿನ ಮಣ್ಣಿನಲ್ಲಿ ಗೂಟವನ್ನು ಚಪ್ಪರದಿಂದ ಆಚೆಗೆ ವಾಲಿಸಿ ಆಳಕ್ಕೆ ಹೊಡೆದರೆ ಅದು ಹಿಡಿಯುತ್ತದೆ. ಡಾಂಬರು ರಸ್ತೆಯ ಮೇಲೆ, ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಗೂಟ ಇಳಿಯುವುದಿಲ್ಲ. ಆಗ ಏನು ಮಾಡುತ್ತಾರೆ? ಹಗ್ಗವನ್ನು ಕಾಂಪೌಂಡಿನ ಕಂಬಿಗೆ ಕಟ್ಟುತ್ತಾರೆ, ಪಕ್ಕದ ಮನೆಯ ಗೇಟಿಗೆ ಕಟ್ಟುತ್ತಾರೆ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ವಿದ್ಯುತ್ ಕಂಬಕ್ಕೆ ಕಟ್ಟುತ್ತಾರೆ. ಗೂಟ ಹೊಡೆಯಲಾಗದ ಕಡೆ ಮರಳಿನ ಮೂಟೆಗಳನ್ನೋ ನೀರು ತುಂಬಿದ ಪೀಪಾಯಿಗಳನ್ನೋ ಇಟ್ಟು ಅವಕ್ಕೆ ಹಗ್ಗ ಬಿಗಿಯಬೇಕು. ‘ನಮ್ಮ ಮನೆಯ ಮುಂದೆ ಮಣ್ಣಿಲ್ಲ, ಹಗ್ಗವನ್ನು ಎಲ್ಲಿಗೆ ಕಟ್ಟುತ್ತೀಯಪ್ಪಾ?’ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಕಸುಬು ಬಲ್ಲವನು ಕೂಡಲೇ ಉತ್ತರ ಹೇಳುತ್ತಾನೆ. ನಕ್ಕು ತಳ್ಳಿಹಾಕುವವನಾದರೆ ಪಕ್ಕದ ಅಂಗಡಿಗೆ ನಡೆಯಿರಿ.

2019ರ ಜೂನ್ 23ರಂದು ರಾಜಸ್ಥಾನದಲ್ಲಿ, ಅಂದಿನ ಬಾಡ್ಮೇರ್ ಜಿಲ್ಲೆಯ ಜಸೋಲ್ ಎಂಬಲ್ಲಿ ರಾಮಕಥೆ ನಡೆಯುತ್ತಿತ್ತು. ಬಿರುಗಾಳಿ ಎದ್ದು ದೊಡ್ಡ ಪೆಂಡಾಲು ಕುಸಿಯಿತು. ಕಬ್ಬಿಣದ ಚೌಕಟ್ಟಿನಲ್ಲಿ ವಿದ್ಯುತ್ತೂ ಹರಿಯಿತು. ಕಥೆ ಕೇಳಲು ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ಟರು. ಮೋಡ ಕವಿದಾಗ ಕಥೆಯನ್ನು ನಿಲ್ಲಿಸಿ ಜನರನ್ನು ಹೊರಕ್ಕೆ ಕಳಿಸುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು. ಮದುವೆ ಮನೆಯಲ್ಲಿ ಹುಡುಗಿಯ ತಂದೆಗೆ ಆ ಹೊತ್ತಿಗೆ ಕೈಕಾಲು ಆಡುವುದಿಲ್ಲ. ಅವರಿಗೆ ಆ ಕೆಲಸ ಬೇಡ. ಚಿಕ್ಕಪ್ಪನೋ, ಗಟ್ಟಿ ದನಿಯ ಗೆಳೆಯರೋ ಒಬ್ಬರನ್ನು ಮೊದಲೇ ಗೊತ್ತುಮಾಡಿರಿ. ಗಾಳಿ ಜೋರಾದರೆ ಅವರು ಮೈಕಿನ ಮುಂದೆ ನಿಂತು, ‘ಎಲ್ಲರೂ ಮನೆಯೊಳಗೆ ಬನ್ನಿ’ ಎನ್ನಬೇಕು, ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಗುಡುಗು ಮಿಂಚು ಇದ್ದಾಗ ಕಬ್ಬಿಣದ ಕಂಬಗಳ ಶಾಮಿಯಾನದ ಕೆಳಗೆ ನಿಂತರೆ ರಕ್ಷಣೆಯಿಲ್ಲ. ಕಟ್ಟಡದ ಒಳಗೆ ಸೇರುವುದೇ ಸರಿ.

ಮಳೆಯ ವಿಷಯದಲ್ಲಿ ಒಂದು ಲೆಕ್ಕ ಸಾಕು. ಬಟ್ಟೆ ಸಡಿಲವಾಗಿ ನಡುವೆ ಜೋತುಬಿದ್ದು, 10 ಅಡಿ ಚೌಕದಲ್ಲಿ 3 ಅಂಗುಲ ನೀರು ನಿಂತಿತೆನ್ನಿ. ಅದರ ತೂಕ ಸುಮಾರು 700 ಕಿಲೋ. ಹುಡುಗರು ಕೋಲಿನಿಂದ ಕೆಳಗಿನಿಂದ ಚುಚ್ಚಿ ಎತ್ತಿ ಅದನ್ನು ಚೆಲ್ಲಿಸುವುದನ್ನು ನೋಡಿದ್ದೀರಿ. ಆಟದಂತೆ ಕಾಣುತ್ತದೆ, ಆಟವಲ್ಲ. ನೀರು ನಿಲ್ಲದಂತೆ ಇಳಿಜಾರಾಗಿ, ನಡುವೆ ಎತ್ತರ ಕೊಟ್ಟು ಬಿಗಿಯಾಗಿ ಕಟ್ಟಬೇಕು. ‘ವಾಟರ್‌ಪ್ರೂಫ್’ ಎಂದು ಅಂಗಡಿಯವನು ಹೇಳಿದರೆ ಸಾಲದು, ಒಂದು ಚೊಂಬು ನೀರು ಹೊಯ್ದು ನೋಡಿ.

ಆದರೆ ನೀರು ತಡೆಯುವ ಬಟ್ಟೆ ಬೆಂಕಿಯನ್ನೂ ತಡೆಯುತ್ತದೆಂದು ತಿಳಿಯಬೇಡಿ. ಎಷ್ಟೋ ಸಲ ತದ್ವಿರುದ್ಧ. 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸರ್ಕಸ್ಸಿನ ಡೇರೆಗೆ ಮಳೆ ತಾಗದಿರಲೆಂದು ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಆ ಡೇರೆ ಹತ್ತಿಕೊಂಡಾಗ 160ಕ್ಕೂ ಹೆಚ್ಚು ಜನ ಸತ್ತರು. ಅದು ದೂರದ ಮಾತು. ಹತ್ತಿರದ್ದು ಬೇಕೆಂದರೆ, 1981ರ ಫೆಬ್ರವರಿ 7ನೆಯ ತಾರೀಖು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು 90ಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಬೆಂಗಳೂರಿನ ಹಿರಿಯರಲ್ಲಿ ಆ ದಿನವನ್ನು ಇಂದಿಗೂ ಮರೆಯದವರಿದ್ದಾರೆ.

ಮೇಷ್ಟರ ಕೆಲಸ ಮಾಡುವವರಿಗೆ ಮರೆಯಲಾಗದ ದಿನ ಇನ್ನೊಂದಿದೆ. 1995ರ ಡಿಸೆಂಬರ್ 23. ಹರಿಯಾಣದ ಡಬ್ವಾಲಿ ಎಂಬ ಊರಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ. ತಂದೆತಾಯಿಗಳು, ಮಕ್ಕಳು, ಅಧ್ಯಾಪಕರು ಎಲ್ಲರೂ ಶಾಮಿಯಾನದ ಕೆಳಗೆ ಸೇರಿದ್ದರು. ಕೃತಕ ನೂಲಿನ ಬಟ್ಟೆ. ಬೆಂಕಿ ತಗುಲಿದ ಕೆಲವೇ ನಿಮಿಷಗಳಲ್ಲಿ ಮೇಲುಕಟ್ಟು ಉರಿಯುತ್ತ ಕರಗಿ ಜನರ ಮೇಲೆ ಬಿತ್ತು. ಹೊರಗೆ ಹೋಗುವ ದಾರಿ ಅಷ್ಟು ಜನಕ್ಕೆ ಸಾಲಲಿಲ್ಲ. 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು.

ಹತ್ತಿಬಟ್ಟೆಯೂ ಉರಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುಂತಾದ ಕೃತಕ ಬಟ್ಟೆಗಳು ಕರಗಿ, ಉರಿಯುವ ಹನಿಗಳಾಗಿ ಮೈಮೇಲೆ ಬಿದ್ದು ಅಂಟಿಕೊಳ್ಳುತ್ತವೆ. ನಮ್ಮ ಚಪ್ಪರಗಳಲ್ಲಿ ಈಗ ಮಿರಮಿರ ಮಿಂಚುವ ಝಾಲರಿ, ಥರ್ಮೋಕೋಲಿನ ಮಂಟಪ, ಪ್ಲಾಸ್ಟಿಕ್ ಹೂವು, ಎಲ್ಲವೂ ಅದೇ ಜಾತಿಯವು. ಒಣಗಿದ ಗರಿಯನ್ನೂ ನಾನು ಬಿಡುವುದಿಲ್ಲ. 1997ರ ಜೂನ್ 7ರಂದು ತಂಜಾವೂರಿನ ಬೃಹದೀಶ್ವರ ದೇವಾಲಯದ ಕುಂಭಾಭಿಷೇಕದ ಸಮಯದಲ್ಲಿ ಯಾಗಶಾಲೆಯ ಚಪ್ಪರ ಹತ್ತಿಕೊಂಡು 40ಕ್ಕೂ ಹೆಚ್ಚು ಜನ ಸತ್ತರು. 2004ರ ಜನವರಿ 23ರಂದು ಶ್ರೀರಂಗದಲ್ಲಿ ಕಲ್ಯಾಣಮಂಟಪವೊಂದರ ಮಹಡಿಯ ಮೇಲೆ ಹಾಕಿದ್ದ ಗರಿಯ ಚಪ್ಪರಕ್ಕೆ ಬೆಂಕಿ ತಗುಲಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಮದುಮಗನೂ ಒಬ್ಬ. ಸೊಪ್ಪು ಹಸಿಯಾಗಿರುವಷ್ಟು ದಿನ ಅದರಲ್ಲಿ ನೀರಿರುತ್ತದೆ. ಹತ್ತು ದಿನ ಬಿಸಿಲಿಗೆ ಒಣಗಿದ ಗರಿ ಸೌದೆಯೇ ಸರಿ.

ತಾತ್ಕಾಲಿಕ ಕಟ್ಟಡ ಮತ್ತು ಪೆಂಡಾಲುಗಳಲ್ಲಿ ಬೆಂಕಿಯ ಮುಂಜಾಗ್ರತೆಗೆಂದೇ ಭಾರತೀಯ ಮಾನಕ ಬ್ಯೂರೊ ಒಂದು ಮಾನಕವನ್ನು ಹೊರಡಿಸಿದೆ. ಅದರ ಸಂಖ್ಯೆ ಐ.ಎಸ್. 8758. ಕೃತಕ ಬಟ್ಟೆ ಬೇಡ, ವಿದ್ಯುತ್ ತಂತಿಯ ಕೆಳಗೆ ಪೆಂಡಾಲು ಬೇಡ, ಸುತ್ತ ತೆರಪು ಜಾಗ ಬಿಡಿ ಎಂಬಂಥ ಸರಳ ಮಾತುಗಳೇ ಅದರಲ್ಲಿರುವುದು. ಬಟ್ಟೆಯನ್ನು ಬೊರಾಕ್ಸ್, ಬೋರಿಕ್ ಆಮ್ಲ, ಅಮೋನಿಯಂ ಸಲ್ಫೇಟ್ ಮೊದಲಾದ ಲವಣಗಳ ನೀರಿನಲ್ಲಿ ಅದ್ದಿ ಒಣಗಿಸಿದರೆ ಅದು ಬೇಗ ಉರಿ ಹಿಡಿಯುವುದಿಲ್ಲ. ಮಳೆಯಲ್ಲಿ ನೆನೆದರೆ, ಒಗೆದರೆ ಈ ಗುಣ ಕರಗಿಹೋಗುತ್ತದೆ, ಮತ್ತೆ ಅದ್ದಬೇಕು. ಆದ್ದರಿಂದ, ‘ಬೆಂಕಿ ತಡೆಯುವ ಬಟ್ಟೆಯೆ?’ ಎಂದು ಕೇಳಿದರೆ ಅರ್ಧ ಪ್ರಶ್ನೆಯಾಯಿತು. ‘ಕೊನೆಯ ಸಲ ಯಾವಾಗ ಅದ್ದಿದ್ದು?’ ಎಂದೂ ಕೇಳಬೇಕು. ಅನುಮಾನವಿದ್ದರೆ ಅಂಚಿನ ಬಟ್ಟೆಯ ಒಂದು ಚೂರು ಕೇಳಿ ಪಡೆದು, ಬಯಲಿಗೆ ಒಯ್ದು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೂ ಧಗಧಗನೆ ಉರಿಯುವ ಬಟ್ಟೆಯ ಕೆಳಗೆ ನಿಮ್ಮ ಅಜ್ಜಿಯನ್ನು ಕೂರಿಸುತ್ತೀರಾ?

ಈಗ ಕನಾತಿನ ಮಾತಿಗೆ ಬರೋಣ. ತಲೆಯ ಮೇಲಿನ ಬಟ್ಟೆಗಿಂತ ಪಕ್ಕದ ಬಟ್ಟೆಯೇ ಹೆಚ್ಚು ಅಪಾಯಕಾರಿಯೆಂಬುದು ನನ್ನ ಅಭಿಪ್ರಾಯ. ಮೇಲೆ ಬೆಂಕಿ ಬಿದ್ದರೂ ನಾಲ್ಕು ಕಡೆ ತೆರೆದಿದ್ದರೆ ಜನ ಎದ್ದು ಓಡುತ್ತಾರೆ. ನಾಲ್ಕು ಕಡೆ ಕನಾತು ಕಟ್ಟಿ, ಒಂದು ಕಡೆ ಮಾತ್ರ ಹೂವಿನ ಕಮಾನಿನ ಬಾಗಿಲಿಟ್ಟು, ಅದರ ಮುಂದೆ ಪನ್ನೀರುದಾನಿಯ ಮೇಜನ್ನೂ ಸ್ವಾಗತಿಸುವ ಹುಡುಗಿಯರನ್ನೂ ನಿಲ್ಲಿಸಿದರೆ ಓಡುವುದೆಲ್ಲಿಗೆ? ಗಾಬರಿಯಾದ ಜನ ತಾವು ಬಂದ ಬಾಗಿಲಿಗೇ ನುಗ್ಗುತ್ತಾರೆ; ಅದು ಮನುಷ್ಯ ಸ್ವಭಾವ. ಸೆಖೆಯ ಕಾರಣವೂ ಇದೇ ಕನಾತು. ಬಿಸಿಗಾಳಿ ಮೇಲೇರಿ ಬಟ್ಟೆಯ ಕೆಳಗೆ ಸೇರಿಕೊಳ್ಳುತ್ತದೆ, ಪಕ್ಕದ ಗಾಳಿಗೆ ದಾರಿಯಿಲ್ಲ. ಆಮೇಲೆ ಕೂಲರು ತರಿಸಿ, ಫ್ಯಾನು ತರಿಸಿ ಎಂದು ಪೇಚಾಟ. ತಗಡಿನ ಚಪ್ಪರವಾದರಂತೂ ಮಧ್ಯಾಹ್ನ ತಲೆಯ ಮೇಲೆ ಹಂಚಿಟ್ಟಂತೆ. ಮೇಲುಕಟ್ಟು ಎತ್ತರದಲ್ಲಿರಲಿ, ಪಡುವಣ ಬಿಸಿಲು ಬೀಳುವ ಕಡೆ ಮಾತ್ರ ಒಂದು ಕನಾತು ಇರಲಿ, ಉಳಿದ ಮೂರು ಕಡೆ ತೆರೆದಿರಲಿ. ಮರೆ ಬೇಕೇಬೇಕೆಂದರೆ ಹತ್ತು ಹದಿನೈದು ಹೆಜ್ಜೆಗೊಂದು ಅಗಲವಾದ ಕಿಂಡಿ ಬಿಟ್ಟು ಕಟ್ಟಿಸಿ. ಆ ಕಿಂಡಿಯ ಆಚೆ ಸ್ಕೂಟರುಗಳನ್ನು ನಿಲ್ಲಿಸಿದರೆ ಕಿಂಡಿ ಬಿಟ್ಟೂ ವ್ಯರ್ಥ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮೂರು ಕಡೆ ತೆರೆದಿರಲೇಬೇಕೆಂದು ನಾನು ಹಟ ಹಿಡಿದೆ. ‘ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರಲ್ಲ’ ಎಂದು ಅಲಂಕಾರ ಸಮಿತಿಯವರು ಗೊಣಗಿದರು. ನೋಡಲಿ. ಮಕ್ಕಳ ನಾಟಕಕ್ಕೆ ನಾಲ್ಕು ಜನ ಹೆಚ್ಚು ಪ್ರೇಕ್ಷಕರು ಸಿಕ್ಕರೆ ನಷ್ಟವೇನು?

ಅಡಿಗೆಯ ಮನೆಯನ್ನು ಮರೆಯಬಾರದು. ಒಲೆ, ಗ್ಯಾಸಿನ ಸಿಲಿಂಡರು, ಕಾದ ಎಣ್ಣೆ ಇವೆಲ್ಲ ಜನ ಕೂರುವ ಚಪ್ಪರದಿಂದ ದೂರವಿರಲಿ. ಗಾಳಿ ಜನರ ಕಡೆಯಿಂದ ಒಲೆಯ ಕಡೆಗೆ ಬೀಸಬೇಕೇ ಹೊರತು ಒಲೆಯಿಂದ ಜನರ ಕಡೆಗಲ್ಲ. ಅಡಿಗೆಯವರ ತಲೆಯ ಮೇಲೆ ಬಟ್ಟೆ ಬೇಡ, ತಗಡು ಹಾಕಿಸಿ. ಎರಡು ಪೀಪಾಯಿ ನೀರು, ನಾಲ್ಕು ಬಕೆಟ್ಟು ಮರಳು, ಬೆಂಕಿ ಆರಿಸುವ ಉಪಕರಣ ಒಂದೆರಡು. ಎಣ್ಣೆಯ ಬೆಂಕಿಗೂ ವಿದ್ಯುತ್ತಿನ ಬೆಂಕಿಗೂ ನೀರು ಸುರಿಯಬಾರದೆಂಬುದನ್ನು ಹುಡುಗರಿಗೆ ಮೊದಲೇ ಹೇಳಿಡಿ. ಕರೆಯಬೇಕಾದ ಸಂಖ್ಯೆ 112.

ವಿದ್ಯುತ್ತಿನ ಕೆಲಸವನ್ನು ಶಾಮಿಯಾನದವನು ‘ನಮ್ಮ ಹುಡುಗನೇ ಮಾಡುತ್ತಾನೆ’ ಎನ್ನುತ್ತಾನೆ. ಆ ಹುಡುಗ ಬೀದಿಯ ತಂತಿಗೆ ಕೊಕ್ಕೆ ಹಾಕಿದರೆ ಅದು ಕಳವೂ ಹೌದು, ಮೃತ್ಯುವೂ ಹೌದು. ವಿದ್ಯುತ್ ಕಂಪನಿಗೆ ಅರ್ಜಿ ಹಾಕಿದರೆ ತಾತ್ಕಾಲಿಕ ಸಂಪರ್ಕ ಕೊಡುತ್ತಾರೆ. ಈಚೆಗೆ ಕಂಬಗಳು ಸರ್ವೆ ಮರದವಲ್ಲ, ಕಬ್ಬಿಣದವು. ಬರಿಗಂಟಿನ ವೈರನ್ನು ಅವಕ್ಕೆ ಸುತ್ತಿ, ಮೇಲೊಂದು ಮಳೆ ಬಿದ್ದರೆ ಇಡೀ ಚಪ್ಪರವೇ ಮುಟ್ಟಬಾರದ ವಸ್ತುವಾಗುತ್ತದೆ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರಿಂದ ಅರ್ತ್ ಕೊಡಿಸಿ. ಸೋರಿಕೆ ಕಂಡೊಡನೆ ತಾನಾಗಿಯೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಿ. ಮದುವೆಯ ಖರ್ಚಿನಲ್ಲಿ ಅದು ಒಂದು ಬುಟ್ಟಿ ಹೂವಿನಷ್ಟೂ ಕಾಣುವುದಿಲ್ಲ. ತಲೆಯ ಮೇಲೆ ತಂತಿ ಹಾದುಹೋದ ಜಾಗದಲ್ಲಿ ಚಪ್ಪರವೇ ಬೇಡ. ಉದ್ದದ ಕಬ್ಬಿಣದ ಕೊಳವೆಯನ್ನು ಎತ್ತಿ ನಿಲ್ಲಿಸುವಾಗ ಅದರ ತುದಿ ತಂತಿಗೆ ತಾಗಿದರೆ ಹೋಗುವುದು ಕೂಲಿಯವನ ಪ್ರಾಣ.

ಆ ಕೂಲಿಯವರ ಬಗ್ಗೆ ನಾಲ್ಕು ಮಾತು. ಅಕ್ಷಯ ತೃತೀಯದ ಆಚೀಚೆ ಒಂದೇ ಮುಹೂರ್ತಕ್ಕೆ ಊರಿನಲ್ಲಿ ಹತ್ತು ಮದುವೆ. ಈ ಮನೆಯಲ್ಲಿ ನಡುರಾತ್ರಿ ಬಿಚ್ಚಿ, ಒದ್ದೆ ಬಟ್ಟೆಯನ್ನು ಹಾಗೆಯೇ ಸುತ್ತಿ ಲಾರಿಗೆ ಹಾಕಿ, ಬೆಳಗಿನೊಳಗೆ ಇನ್ನೊಂದು ಮನೆಯ ಮುಂದೆ ಕಟ್ಟಬೇಕು. ನಿದ್ದೆಯಿಲ್ಲದವನು ಹಾಕಿದ ಗಂಟು ಹೇಗಿದ್ದೀತು? ಬೆಳಗ್ಗೆ ಏಳಕ್ಕೆ ಮುಹೂರ್ತವಿದ್ದರೆ ಹಿಂದಿನ ದಿನ ಬೆಳಕಿರುವಾಗಲೇ ಕಟ್ಟಿ ಮುಗಿಸುವ ಕರಾರು ಮಾಡಿಕೊಳ್ಳಿ. ಅರ್ಧ ದಿನದ ಬಾಡಿಗೆ ಹೆಚ್ಚಾದರೆ ಆಗಲಿ. ಹಗಲಿನಲ್ಲಿ ಕಟ್ಟಿದ್ದನ್ನು ನೀವು ಒಂದು ಸುತ್ತು ಹೋಗಿ ಕೈಯಿಂದ ಹಗ್ಗ ಜಗ್ಗಿ ನೋಡಬಹುದು. ಇನ್ನು ಊಟ. ನೂರಾರು ಜನರಿಗೆ ನೆರಳು ಕಟ್ಟಿಕೊಟ್ಟವರು ಊರ ಜನರೆಲ್ಲ ಉಂಡ ಮೇಲೆ, ಮಿಕ್ಕದ್ದನ್ನು, ಹಿತ್ತಲಲ್ಲಿ ನಿಂತು ತಿನ್ನುವುದನ್ನು ನೋಡಿದ್ದೇನೆ. ಹಿಂದಿನ ಕಾಲದಲ್ಲಿ ಚಪ್ಪರ ಹಾಕಿದವರಿಗೆ ಮೊದಲ ಪಂಕ್ತಿ.

ಎಷ್ಟು ದೊಡ್ಡ ಚಪ್ಪರ ಬೇಕು? ಕುರ್ಚಿಗಳನ್ನು ಸಾಲಾಗಿ ಹಾಕಿ, ನಡುವೆ ಓಡಾಡಲು ದಾರಿ ಬಿಟ್ಟರೆ ತಲೆಗೆ ಏಳೆಂಟು ಚದರ ಅಡಿ ಹಿಡಿಯಿರಿ. ಊಟದ ಪಂಕ್ತಿಗೆ, ಬಡಿಸುವವರು ತಿರುಗಾಡಲು ಸೇರಿ, 12 ಅಡಿ. ಮೊದಲು ಹೇಳಿದ 30 ಅಡಿಗೆ 60 ಅಡಿಯ ಶಾಮಿಯಾನದಲ್ಲಿ ಸುಮಾರು 225 ಜನ ಹಾಯಾಗಿ ಕೂರಬಹುದು, ಒಂದು ಸಲಕ್ಕೆ 150 ಜನ ಉಣ್ಣಬಹುದು. ‘ಐನೂರು ಕುರ್ಚಿ ಹಿಡಿಸಿಕೊಡುತ್ತೇನೆ’ ಎಂದು ಅಂಗಡಿಯವನು ಹೇಳಿದರೆ ಅವನು ತೆಗೆಯುವುದು ನಿಮ್ಮ ನಡುದಾರಿಯನ್ನು.

ಬೀದಿಗೆ ಅಡ್ಡ ಹಾಕುವುದಾದರೆ ನಗರಸಭೆಯ ಮತ್ತು ಪೊಲೀಸ್ ಠಾಣೆಯ ಒಪ್ಪಿಗೆ ಬೇಕು. ಒಪ್ಪಿಗೆ ದೊರೆತರೂ ಒಂದು ಆಂಬುಲೆನ್ಸು ಹೋಗುವಷ್ಟು ದಾರಿ ಬಿಡಿ. ಬೀದಿಯ ಕೊನೆಯ ಮನೆಯ ಮುದುಕರಿಗೆ ಎದೆನೋವು ಬರುವುದಕ್ಕೆ ಮುಹೂರ್ತವಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬುದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಅದನ್ನು ನೆನಪಿಸಿದ ನೆರೆಯವರನ್ನು ಶತ್ರುಗಳೆಂದು ಎಣಿಸಬೇಡಿ.

ಒಳ್ಳೆಯ ಅಂಗಡಿಯನ್ನು ಹುಡುಕುವುದು ಹೇಗೆ? ಆಷಾಢದಲ್ಲಿ ಹೋಗಿ ನೋಡಿ. ಆಗ ಮುಹೂರ್ತಗಳಿಲ್ಲ, ಅವರಿಗೆ ಬಿಡುವು. ಕೆಲವು ಅಂಗಡಿಗಳಲ್ಲಿ ಬಟ್ಟೆಯನ್ನು ಹರವಿ ಹರಿದ ಕಡೆ ಹೊಲಿಯುತ್ತಿರುತ್ತಾರೆ, ಹಗ್ಗ ಬದಲಾಯಿಸುತ್ತಿರುತ್ತಾರೆ, ಕೊಳವೆಗಳಿಗೆ ಬಣ್ಣ ಬಳಿಯುತ್ತಿರುತ್ತಾರೆ. ಕೆಲವು ಅಂಗಡಿಗಳಲ್ಲಿ ಎಲ್ಲವೂ ಒಂದು ಮೂಲೆಯಲ್ಲಿ ರಾಶಿ ಬಿದ್ದು ಬೂಷ್ಟು ಹಿಡಿಯುತ್ತಿರುತ್ತದೆ. ಮುಂದಿನ ಬೇಸಿಗೆಯಲ್ಲಿ ಯಾರ ಬಳಿ ಹೋಗಬೇಕೆಂಬುದನ್ನು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಕರಾರನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಚಪ್ಪರದ ಅಳತೆ, ಬಟ್ಟೆಯ ಜಾತಿ, ಕುರ್ಚಿ ಮೇಜುಗಳ ಸಂಖ್ಯೆ, ಕಟ್ಟುವ ಹೊತ್ತು, ಬಿಚ್ಚುವ ಹೊತ್ತು, ಲಾರಿಯ ಸಾಗಾಣಿಕೆಯೂ ಕೂಲಿಯೂ ತೆರಿಗೆಯೂ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ, ಮಳೆಯಿಂದ ಸಮಾರಂಭ ಮುಂದಕ್ಕೆ ಹೋದರೆ ಮುಂಗಡದ ಗತಿಯೇನು, ಇಷ್ಟೂ ಅದರಲ್ಲಿರಲಿ. ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ. ಬಿಚ್ಚಿ ಒಯ್ಯುವ ದಿನಕ್ಕೆ ಸ್ವಲ್ಪ ಉಳಿದಿರಲಿ. ಕುರ್ಚಿ ಬಂದಾಗ ಎಣಿಸಿ, ಕಾಲು ಮುರಿದವನ್ನು ಅಲ್ಲೇ ಬೇರೆ ಇರಿಸಿ ತೋರಿಸಿ. ಇಲ್ಲವಾದರೆ ಹೋಗುವಾಗ ಅವು ನಿಮ್ಮ ಲೆಕ್ಕಕ್ಕೆ ಬೀಳುತ್ತವೆ. ಜಮಖಾನಗಳನ್ನು ಕೊಡವಿ ಎಣಿಸಿ ಕಳಿಸಿ. ಅವುಗಳ ಮಡಿಕೆಯಲ್ಲಿ ನೆಂಟರ ಉಂಗುರ, ಮಕ್ಕಳ ಕಾಲ್ಗೆಜ್ಜೆ ಸಿಕ್ಕುವುದುಂಟು. ಲಾರಿ ಹೊರಡುವ ಮುನ್ನ ಮೇಸ್ತ್ರಿಯನ್ನು ಕರೆದುಕೊಂಡು ಬೀದಿಯಲ್ಲಿ ಒಂದು ಸಲ ನಡೆಯಿರಿ. ಗೂಟ ಕಿತ್ತ ಗುಂಡಿಗಳನ್ನೆಲ್ಲ ಅವರಿಂದಲೇ ಮುಚ್ಚಿಸಿ, ಮುರಿದು ನೆಲದಲ್ಲೇ ಉಳಿದ ಗೂಟದ ಮೊನೆಗಳಿದ್ದರೆ ಕೀಳಿಸಿ, ಆಮೇಲೆ ಉಳಿದ ಹಣ ಕೊಟ್ಟು ತಾಂಬೂಲದೊಂದಿಗೆ ಕಳಿಸಿಕೊಡಿ.